ಸಂಘದ ಬ್ಯಾಟರಿ ಆರೈಕೆ: ಮೊದಲು ಸಿದ್ಧತೆ, ಆಮೇಲೆ ಸ್ಪ್ಯಾನರ್

(ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಹಾಲು ಪರೀಕ್ಷಕರು ಹಾಗೂ ಸದಸ್ಯರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪೂರ್ಣಪಾಠ)



ದನದ ಡಾಕ್ಟರು ಕೆಚ್ಚಲುಬಾವು, ಕಾಲುಬಾಯಿ ಜ್ವರ ಬಿಟ್ಟು ಬ್ಯಾಟರಿಯ ಬಗ್ಗೆ ಯಾಕೆ ಮಾತನಾಡುತ್ತಾರೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ನೀವು ಕರೆದು ತಂದ ಹಾಲಿನ ಬೆಲೆ ನಿರ್ಧಾರವಾಗುವುದು ಯಂತ್ರದ ಮೇಲೆ. ಕರೆಂಟು ಹೋದಾಗ ಆ ಯಂತ್ರ ನಿಂತಿರುವುದು ಬ್ಯಾಟರಿಯ ಮೇಲೆ. ಎರಡನೆಯದು, ಕೆಟ್ಟು ಹೋದ ಬ್ಯಾಟರಿ ನಿಮ್ಮ ರಾಸುಗಳಿಗೆ ವಿಷ. ಮೊದಲನೆಯದರಲ್ಲಿ ಹೋಗುವುದು ದುಡ್ಡು, ಎರಡನೆಯದರಲ್ಲಿ ಹೋಗುವುದು ಜೀವ. ಆದ್ದರಿಂದ ಈ ವಿಷಯ ತಂತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ, ಹಾಲು ಹಾಕುವ ಪ್ರತಿಯೊಬ್ಬರಿಗೂ ಸೇರಿದ್ದು.

ನಮ್ಮಲ್ಲಿ ಒಂದು ಗಾದೆ ಇದೆ, ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಅಂತ. ಕರೆಂಟು ಇರುವಾಗ ಹಸಿರು ದೀಪ ಉರಿಸುತ್ತಾ ಕುಳಿತು, ಕರೆಂಟು ಹೋದ ಕ್ಷಣ ಕೈಕೊಡುವ ಬ್ಯಾಟರಿ ಅಂಥ ಉಪ್ಪಿನಕಾಯಿಯೇ. ಹಾಗಾಗದಿರಲು ಆರೈಕೆ ಬೇಕು. ಆರೈಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಸ್ಪ್ಯಾನರ್ ಮುಟ್ಟುವ ಮೊದಲೇ ಮುಗಿದಿರಬೇಕು. ಆ ಸಿದ್ಧತೆ ಹೇಗೆ ಎಂಬುದನ್ನೇ ಇಂದು ಮುಖ್ಯವಾಗಿ ಹೇಳುತ್ತೇನೆ.

ಸಂಘದಲ್ಲಿ ಬ್ಯಾಟರಿ ಎಲ್ಲೆಲ್ಲಿದೆ?

ಮೊದಲು ಲೆಕ್ಕ ಹಾಕೋಣ. ಹಾಲು ಪರೀಕ್ಷಾ ಯಂತ್ರ, ಕಂಪ್ಯೂಟರ್ ಮತ್ತು ಚೀಟಿ ಮುದ್ರಿಸುವ ಯಂತ್ರಕ್ಕೆ ಇನ್ವರ್ಟರ್ ಮೂಲಕ ವಿದ್ಯುತ್ ಕೊಡುವ ದೊಡ್ಡ ಬ್ಯಾಟರಿ ಒಂದು. ಇದು ಸಾಮಾನ್ಯವಾಗಿ 12 ವೋಲ್ಟಿನ, ನೀರು ಹಾಕುವ ಟ್ಯೂಬುಲರ್ ಬ್ಯಾಟರಿ. ಕಂಪ್ಯೂಟರಿನ ಪಕ್ಕದ ಯು.ಪಿ.ಎಸ್. ಪೆಟ್ಟಿಗೆಯಲ್ಲಿ ಇಟ್ಟಿಗೆಯಷ್ಟು ಗಾತ್ರದ, ಮುಚ್ಚಿ ಸೀಲು ಮಾಡಿದ ಚಿಕ್ಕ ಬ್ಯಾಟರಿ ಇನ್ನೊಂದು. ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯೊಳಗೆ ಅದಕ್ಕಿಂತ ಚಿಕ್ಕದು ಮತ್ತೊಂದು. ಹಾಲು ಶೀತಲೀಕರಣ ಘಟಕ, ಅಂದರೆ ಬಿ.ಎಂ.ಸಿ. ಇರುವ ಸಂಘಗಳಲ್ಲಿ ಜನರೇಟರನ್ನು ಚಾಲೂ ಮಾಡುವ ಬ್ಯಾಟರಿ ಬೇರೆ. ಎಷ್ಟೋ ಕಡೆ ಇನ್ವರ್ಟರ್ ಬ್ಯಾಟರಿಯೊಂದನ್ನೇ ಬ್ಯಾಟರಿ ಎಂದು ತಿಳಿದು, ಉಳಿದವನ್ನು ಮರೆತುಬಿಡುತ್ತಾರೆ. ಮರೆತದ್ದೇ ಮೊದಲು ಕೈಕೊಡುತ್ತದೆ.

ಕೈಕೊಟ್ಟರೆ ನಷ್ಟ ಯಾರಿಗೆ?

ಸಂಜೆ ಆರೂವರೆ. ಸಂಘದ ಮುಂದೆ ಕ್ಯಾನು ಹಿಡಿದ ಸಾಲು. ಕರೆಂಟು ಹೋಯಿತು, ಬ್ಯಾಟರಿಯೂ ಹತ್ತು ನಿಮಿಷಕ್ಕೆ ಕುಸಿಯಿತು. ಆಗ ಏನಾಗುತ್ತದೆ? ಹಾಲನ್ನು ವಾಪಸು ಕಳಿಸುವಂತಿಲ್ಲ. ಅಳತೆ ಮಾಡಿಕೊಂಡು, ಜಿಡ್ಡಿನಂಶಕ್ಕೆ ಅಂದಾಜಿನ ಒಂದು ಸರಾಸರಿ ಬರೆದುಕೊಂಡು ಮುಂದೆ ಹೋಗುವ ಪ್ರಸಂಗ ಬರುತ್ತದೆ. ನೀರು ಬೆರೆಸದೆ, ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಕೊಟ್ಟು 4.2 ಜಿಡ್ಡಿನ ಹಾಲು ತಂದ ತಾಯಿಗೂ 3.6, 3.2 ತಂದವರಿಗೂ 3.6. ಯಂತ್ರ ನಿಂತಾಗ ನಷ್ಟವಾಗುವುದು ಒಳ್ಳೆಯ ಹಾಲು ಹಾಕಿದವರಿಗೆ. ಸಂಘದ ಮೇಲೆ ಸದಸ್ಯರಿಗೆ ಇರುವ ನಂಬಿಕೆಯೂ ಅಂಥ ಸಂಜೆಗಳಲ್ಲೇ ಸವೆಯುವುದು.

ಬಿ.ಎಂ.ಸಿ. ಕೇಂದ್ರದಲ್ಲಿ ನಷ್ಟ ಇನ್ನೂ ದೊಡ್ಡದು. ಕೆಚ್ಚಲಿನಿಂದ ಬಂದ ಹಾಲು ರಾಸಿನ ಮೈಬಿಸಿಯಲ್ಲಿಯೇ ಇರುತ್ತದೆ. ಅದನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸದಿದ್ದರೆ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತವೆ. ಜನರೇಟರ್ ಇದ್ದೂ, ಡೀಸೆಲ್ ಇದ್ದೂ, ಬ್ಯಾಟರಿ ಸತ್ತು ಎಂಜಿನ್ ಏಳದಿದ್ದರೆ ಟ್ಯಾಂಕಿನಲ್ಲಿರುವ ಇಡೀ ಊರಿನ ಹಾಲು ಹುಳಿಯಾಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗ ಎಲೆಕ್ಟ್ರಿಷಿಯನ್‌ನನ್ನು ಹುಡುಕುತ್ತಾ ಓಡಿದರೆ ಪ್ರಯೋಜನವಿಲ್ಲ.

ಬ್ಯಾಟರಿಗೂ ಲ್ಯಾಕ್ಟೋಮೀಟರ್ ಇದೆ

ಬ್ಯಾಟರಿಯ ಒಳಗೆ ಏನಿದೆ ಎಂದು ಗೊತ್ತಿದ್ದರೆ ಆರೈಕೆ ಸುಲಭ. ಸೀಸದ ಫಲಕಗಳು, ಅವುಗಳ ಸುತ್ತ ನೀರು ಬೆರೆಸಿದ ಗಂಧಕಾಮ್ಲ. 12 ವೋಲ್ಟಿನ ಬ್ಯಾಟರಿ ಎಂದರೆ ಆರು ಕೋಣೆಗಳು, ಒಂದೊಂದು ಕೋಣೆಯಲ್ಲಿ 2 ವೋಲ್ಟಿಗಿಂತ ತುಸು ಹೆಚ್ಚು. ವಿದ್ಯುತ್ ಖರ್ಚಾಗುತ್ತಾ ಹೋದಂತೆ ಆಮ್ಲ ಫಲಕಗಳಲ್ಲಿ ಸೇರಿಕೊಳ್ಳುತ್ತದೆ, ದ್ರವ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದಾಗ ಆಮ್ಲ ದ್ರವಕ್ಕೆ ಮರಳಿ ಬರುತ್ತದೆ, ದ್ರವ ಗಟ್ಟಿಯಾಗುತ್ತದೆ.

ಹಾಲಿನ ಗಟ್ಟಿತನ ನೋಡಲು ನಾವು ಲ್ಯಾಕ್ಟೋಮೀಟರ್ ಇಳಿಬಿಡುತ್ತೇವೆ. ಅದರಲ್ಲಿ 28 ಎಂದರೆ ಸಾಂದ್ರತೆ 1.028 ಎಂದು ನಮ್ಮ ಹಾಲು ಪರೀಕ್ಷಕರಿಗೆ ಗೊತ್ತು. ಬ್ಯಾಟರಿಯ ಹೈಡ್ರೋಮೀಟರ್ ಅದರ ಅಣ್ಣ ಇದ್ದಂತೆ, ತತ್ವ ಒಂದೇ. ಪೂರ್ತಿ ಚಾರ್ಜ್ ಆದ ಇನ್ವರ್ಟರ್ ಬ್ಯಾಟರಿಯಲ್ಲಿ ಅದು ಸುಮಾರು 1.240 ತೋರಿಸಬೇಕು. ಜನರೇಟರಿನ ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು, 1.260ರಿಂದ 1.280. ಆರೂ ಕೋಣೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಅಂಕಿ ಇರಬೇಕು. ಐದು ಕೋಣೆ 1.240 ಇದ್ದು ಒಂದು ಮಾತ್ರ 1.190 ಇದ್ದರೆ ಆ ಕೋಣೆ ಕೆಟ್ಟಿದೆ ಎಂದರ್ಥ. ನಾಲ್ಕು ಮೊಲೆಗಳಲ್ಲಿ ಒಂದಕ್ಕೆ ಬಾವು ಬಂದರೆ ಹಾಲೆಲ್ಲ ಕೆಡುವ ಹಾಗೆ, ಒಂದು ಕೋಣೆ ಕೆಟ್ಟರೆ ಬ್ಯಾಟರಿ ಇಡಿಯಾಗಿ ಸೋಲುತ್ತದೆ.

ಇನ್ನೊಂದು ಮಾತು. ರಾಸಿಗೆ ಮೇವು ಹಾಕದೆ ಕೊನೆಯ ಹನಿಯವರೆಗೂ ಹಿಂಡುತ್ತಾ ಹೋದರೆ ಅದು ಬಡಕಲಾಗುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ, ಚಾರ್ಜ್ ಮಾಡದೆ ದಿನಗಟ್ಟಲೆ ಬಿಟ್ಟರೂ ಹಾಗೆಯೇ. ಫಲಕಗಳ ಮೇಲೆ ಬಿಳಿಯ ಪದರ ಗಟ್ಟಿಯಾಗಿ ಕೂತು, ಮತ್ತೆ ಮೊದಲಿನ ಶಕ್ತಿ ಬರುವುದಿಲ್ಲ.

ಸಿದ್ಧತೆ: ಒಂದು ವಾರ ಮೊದಲು

ತಂತ್ರಜ್ಞರು ಬರುವ ದಿನ ಗೊತ್ತಾದ ಕೂಡಲೇ ಕಾರ್ಯದರ್ಶಿಗಳು ಈ ಕೆಲಸಗಳನ್ನು ಮಾಡಿಟ್ಟುಕೊಳ್ಳಬೇಕು.

ಒಂದು, ಹೊತ್ತು ಗೊತ್ತುಮಾಡಿ. ಬೆಳಗಿನ ಹಾಲು ಮುಗಿದು, ಯಂತ್ರ ತೊಳೆದು, ಲೆಕ್ಕ ಕಳಿಸಿದ ಮೇಲೆ ಹತ್ತು ಗಂಟೆಯಿಂದ ಮಧ್ಯಾಹ್ನ ಎರಡರವರೆಗೆ ಒಳ್ಳೆಯ ಸಮಯ. ಸಂಜೆಯ ಹಾಲಿಗೆ ಒಂದು ಗಂಟೆ ಮುಂಚೆ ಬಿಚ್ಚಲು ಕೂತರೆ ಅವಸರವಾಗುತ್ತದೆ, ಅವಸರದಲ್ಲಿ ಅಪಘಾತವಾಗುತ್ತದೆ. ಬಿ.ಎಂ.ಸಿ. ಇರುವಲ್ಲಿ ಟ್ಯಾಂಕರ್ ಬಂದು ಹಾಲು ಒಯ್ದ ಮೇಲೆ, ಟ್ಯಾಂಕು ಖಾಲಿ ಇರುವಾಗಲೇ ಜನರೇಟರಿನ ಬ್ಯಾಟರಿಗೆ ಕೈ ಹಾಕಬೇಕು.

ಎರಡು, ಒಂದು ಪುಸ್ತಕ ತೆರೆಯಿರಿ. ನಿಮ್ಮ ರಾಸಿಗೆ ಕಿವಿಯೋಲೆ ಇದೆ, ಗರ್ಭಧಾರಣೆಯ ದಾಖಲೆ ಇದೆ, ಲಸಿಕೆಯ ದಾಖಲೆ ಇದೆ. ಬ್ಯಾಟರಿಗೂ ಒಂದು ಪುಟ ಇರಲಿ. ಕೊಂಡ ದಿನಾಂಕ, ಸಾಮರ್ಥ್ಯ, ಗ್ಯಾರಂಟಿ ಮುಗಿಯುವ ದಿನ, ಹಿಂದಿನ ಸಲ ನೀರು ಹಾಕಿದ ದಿನ, ಆರು ಕೋಣೆಗಳ ಅಂಕಿ ಇಷ್ಟನ್ನು ಬರೆಯಿರಿ. ಗ್ಯಾರಂಟಿ ಕಾರ್ಡು ಮತ್ತು ರಸೀದಿ ಆ ಪುಸ್ತಕದಲ್ಲೇ ಇರಲಿ. ಕಾರ್ಡು ಸಿಗದೆ ಗ್ಯಾರಂಟಿ ಕಳೆದುಕೊಂಡರೆ ಅದು ಸದಸ್ಯರ ಹಣವೇ.

ಮೂರು, ಎಷ್ಟು ಹೊತ್ತು ಬಾಳುತ್ತದೆ ಎಂದು ಪರೀಕ್ಷಿಸಿ. ಹಾಲು ಅಳೆಯದ ಹೊತ್ತಿನಲ್ಲಿ, ಕರೆಂಟು ಇರುವಾಗಲೇ ಮೇನ್ ಸ್ವಿಚ್ ಆರಿಸಿ, ಯಂತ್ರಗಳನ್ನು ಬ್ಯಾಟರಿಯ ಮೇಲೆ ಓಡಿಸಿ. ಲೆಕ್ಕ ಕಷ್ಟವೇನಿಲ್ಲ. 150 ಆಂಪಿಯರ್ ಅವರ್ ಬ್ಯಾಟರಿಯನ್ನು 12 ವೋಲ್ಟಿನಿಂದ ಗುಣಿಸಿದರೆ 1800 ವ್ಯಾಟ್ ಅವರ್. ಇನ್ವರ್ಟರಿನಲ್ಲಿ ಐದನೇ ಒಂದು ಭಾಗ ಸೋರಿಹೋಗುತ್ತದೆ ಎಂದು ಹಿಡಿದರೆ ಉಳಿಯುವುದು 1440. ಪೂರ್ತಿ ಬರಿದು ಮಾಡಬಾರದಾದ್ದರಿಂದ ಅರ್ಧ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ, 720. ನಿಮ್ಮ ಯಂತ್ರಗಳೆಲ್ಲ ಸೇರಿ 200 ವ್ಯಾಟ್ ಎಳೆದರೆ ಮೂರೂವರೆ ಗಂಟೆ ನಡೆಯಬೇಕು. ಒಂದು ಗಂಟೆಗೇ ಇನ್ವರ್ಟರ್ ಕೂಗತೊಡಗಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಯಾರೋ ಫ್ಯಾನು, ಟಿ.ವಿ., ಮೊಬೈಲ್ ಚಾರ್ಜರ್‌ಗಳನ್ನೂ ಅದಕ್ಕೇ ಜೋಡಿಸಿದ್ದಾರೆ. ಎರಡನೆಯದಾದರೆ ಮೊದಲು ಅವನ್ನು ತೆಗೆಸಿ. ಸಂಘದ ಬ್ಯಾಟರಿ ಇರುವುದು ಹಾಲಿಗಾಗಿ.

ನಾಲ್ಕು, ಬದಲಿ ವ್ಯವಸ್ಥೆ ನೋಡಿಕೊಳ್ಳಿ. ಕೆಲಸ ಸಂಜೆಯವರೆಗೂ ಮುಗಿಯದಿದ್ದರೆ ಏನು ಗತಿ? ಗರ್ಬರ್ ಪರೀಕ್ಷೆಯ ಸಾಮಾನುಗಳನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ. ಬ್ಯುಟಿರೋಮೀಟರ್, 10.75 ಮಿಲಿ ಲೀಟರಿನ ಹಾಲಿನ ಪಿಪೆಟ್ಟು, ಆಮ್ಲ, ಅಮೈಲ್ ಆಲ್ಕೋಹಾಲ್, ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜ್, ಲ್ಯಾಕ್ಟೋಮೀಟರ್ ಇವೆಲ್ಲ ಇವೆಯೇ ನೋಡಿ. ಹೊಸ ಹುಡುಗರಿಗೆ ಗರ್ಬರ್ ಪರೀಕ್ಷೆ ಮರೆತಿದ್ದರೆ ಹಳೆಯ ಪರೀಕ್ಷಕರಿಂದ ಒಂದು ಸಲ ಮಾಡಿಸಿ ತೋರಿಸಿ. ಅದೂ ಆಗದಿದ್ದರೆ ಪ್ರತಿಯೊಬ್ಬ ಸದಸ್ಯರ ಹಾಲಿನ ಮಾದರಿಯನ್ನು ಸಂಖ್ಯೆ ಬರೆದ ಶೀಶೆಯಲ್ಲಿ ತೆಗೆದು ತಂಪಿನಲ್ಲಿಟ್ಟು, ಯಂತ್ರ ಸರಿಯಾದ ಕೂಡಲೇ ಪರೀಕ್ಷಿಸಿ. ಸರಾಸರಿ ಬರೆಯುವುದು ಬೇಡ.

ಐದು, ಸಾಮಾನು ಹೊಂದಿಸಿಕೊಳ್ಳಿ. ಡಿಸ್ಟಿಲ್ಡ್ ವಾಟರ್ ಐದು ಲೀಟರ್, ಹೈಡ್ರೋಮೀಟರ್, ಪ್ಲಾಸ್ಟಿಕ್ಕಿನ ಲಾಳಿಕೆ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಅಡುಗೆ ಸೋಡಾ ಒಂದು ಪೊಟ್ಟಣ, ಎರಡು ಬಕೆಟ್ ಶುದ್ಧ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ, ವ್ಯಾಸಲೀನ್. ಸ್ಪ್ಯಾನರಿನ ಹಿಡಿಗೆ ಸೈಕಲ್ ಟ್ಯೂಬು ಇಲ್ಲವೇ ಇನ್ಸುಲೇಷನ್ ಟೇಪು ಸುತ್ತಿರಬೇಕು. ಸ್ಪ್ಯಾನರ್ ಎರಡೂ ಟರ್ಮಿನಲ್‌ಗಳ ಮೇಲೆ ಅಡ್ಡಬಿದ್ದರೆ ಕೆಂಪಗೆ ಕಾದು ಕಿಡಿ ಹಾರುತ್ತದೆ.

ಬೋರ್‌ವೆಲ್ ನೀರು, ನಲ್ಲಿ ನೀರು, ಕುಡಿಯುವ ಬಾಟಲಿ ನೀರು ಯಾವುದೂ ಬ್ಯಾಟರಿಗೆ ಆಗದು. ಅವುಗಳಲ್ಲಿರುವ ಲವಣಗಳು ಫಲಕಗಳನ್ನು ತಿನ್ನುತ್ತವೆ. ಹಾಗೆಯೇ ಗರ್ಬರ್ ಪರೀಕ್ಷೆಯ ಆಮ್ಲವನ್ನು ಬ್ಯಾಟರಿಗೆ ಹಾಕುವ ಯೋಚನೆಯನ್ನು ಕನಸಿನಲ್ಲಿಯೂ ಮಾಡಬೇಡಿ. ಎರಡೂ ಗಂಧಕಾಮ್ಲವೇ ಹೌದು. ಆದರೆ ಗರ್ಬರ್ ಆಮ್ಲದಲ್ಲಿ ನೂರಕ್ಕೆ ತೊಂಬತ್ತು ಭಾಗ ಆಮ್ಲವಿದ್ದರೆ ಬ್ಯಾಟರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ಒಳಗಿನ ಆಮ್ಲ ಆರಿಹೋಗುವುದಿಲ್ಲ, ಆರುವುದು ನೀರು. ಆದ್ದರಿಂದ ಹಾಕಬೇಕಾದದ್ದೂ ನೀರು ಮಾತ್ರ.

ಹಿಂದಿನ ರಾತ್ರಿ ಮತ್ತು ಆ ದಿನ

ಹಿಂದಿನ ರಾತ್ರಿ ಬ್ಯಾಟರಿ ಪೂರ್ತಿ ಚಾರ್ಜ್ ಆಗಲು ಬಿಡಿ. ಅರೆಬರೆ ಚಾರ್ಜಿನಲ್ಲಿ ತೆಗೆದ ಅಂಕಿ ಯಾವುದಕ್ಕೂ ಬಾರದು. ಬೆಳಿಗ್ಗೆ ಬಾಗಿಲು ಕಿಟಕಿ ತೆರೆದಿಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೂ ಸಾಕು, ಒಂದು ಕಿಡಿಗೆ ಅದು ಸಿಡಿಯಬಲ್ಲದು. ಆದ್ದರಿಂದ ಆ ಕೋಣೆಯಲ್ಲಿ ಬೀಡಿ, ಸಿಗರೇಟು, ದೀಪ, ಊದುಬತ್ತಿ ಬೇಡ.

ಇಲ್ಲಿ ಆಯುಧಪೂಜೆಯ ಮಾತನ್ನೂ ಹೇಳಿಬಿಡುತ್ತೇನೆ. ಯಂತ್ರಕ್ಕೆ ಪೂಜೆ ಮಾಡುವುದು ನಮ್ಮ ಸಂಪ್ರದಾಯ, ಮಾಡಲೇಬೇಕು. ಆದರೆ ಮುಚ್ಚಿದ ಕೋಣೆಯಲ್ಲಿ, ಚಾರ್ಜ್ ಆಗುತ್ತಿರುವ ಬ್ಯಾಟರಿಯ ತಲೆಯ ಮೇಲೆ ಕರ್ಪೂರ ಹಚ್ಚಬೇಡಿ. ಟರ್ಮಿನಲ್‌ಗೆ ಅರಿಶಿನ ಕುಂಕುಮದ ನೀರು ಚಿಮುಕಿಸಬೇಡಿ. ಹೊರಗಿನ ಪೆಟ್ಟಿಗೆಗೆ ಹೂವು ಮುಡಿಸಿ, ಮಂಗಳಾರತಿಯನ್ನು ಬಾಗಿಲ ಹೊರಗೆ ಬೆಳಗಿರಿ.

ಕೆಲಸ ಶುರು ಮಾಡುವ ಮೊದಲು ಉಂಗುರ, ಬಳೆ, ಲೋಹದ ಗಡಿಯಾರ, ಕೊರಳ ಸರ ತೆಗೆದಿಡಿ. ಒಬ್ಬರೇ ಕೆಲಸ ಮಾಡಬೇಡಿ, ಕಡೆಯ ಪಕ್ಷ ಇಬ್ಬರಿರಲಿ. ದೊಡ್ಡ ಬ್ಯಾಟರಿ ಐವತ್ತು ಕಿಲೋಗೂ ಹೆಚ್ಚು ತೂಗುತ್ತದೆ, ಒಬ್ಬರು ಎತ್ತಿದರೆ ಸೊಂಟವೂ ಹೋಗುತ್ತದೆ, ಆಮ್ಲವೂ ಚೆಲ್ಲುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಯಂತ್ರಗಳನ್ನು ಆರಿಸಿ. ಆಮೇಲೆ ಇನ್ವರ್ಟರ್ ಆರಿಸಿ. ಆಮೇಲೆ ಅದಕ್ಕೆ ಬರುವ ಮೇನ್ ಕರೆಂಟು ತೆಗೆಯಿರಿ. ಕಾಲು ಗಂಟೆ ಬಿಡಿ, ಅನಿಲ ಹೊರಹೋಗಲಿ. ಬಿಚ್ಚುವಾಗ ಕಪ್ಪು ತಂತಿ, ಅಂದರೆ ಋಣ ತಂತಿ ಮೊದಲು, ಕೆಂಪು ಆಮೇಲೆ. ಜೋಡಿಸುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಇದನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಡಿ.

ಟರ್ಮಿನಲ್‌ಗಳ ಮೇಲೆ ಬೂಸಲು ಹಿಡಿದಂತೆ ಬಿಳಿ, ಹಸಿರು ಪುಡಿ ಕೂತಿದ್ದರೆ, ಕೋಣೆಗಳ ಮುಚ್ಚಳಗಳು ಬಿಗಿಯಾಗಿವೆಯೇ ನೋಡಿ, ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಬೆರೆಸಿ ಬ್ರಷ್ಷಿನಿಂದ ಉಜ್ಜಿ. ಸೋಡಾ ನೀರು ಒಳಗೆ ಹೋಗಬಾರದು. ಒರೆಸಿ ಒಣಗಿಸಿ, ತಂತಿ ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಹೈಡ್ರೋಮೀಟರಿನ ಅಂಕಿಯನ್ನು ನೀರು ಹಾಕುವ ಮೊದಲೇ ತೆಗೆಯಬೇಕು. ನೀರು ಹಾಕಿದ ತಕ್ಷಣ ನೋಡಿದರೆ ಮೇಲಿನ ನೀರಿನ ಅಂಕಿಯಷ್ಟೇ ಸಿಗುತ್ತದೆ. ಆಮೇಲೆ ಗುರುತಿನ ಗೆರೆಯವರೆಗೆ ಮಾತ್ರ ನೀರು ತುಂಬಿ. ಹೆಚ್ಚಾದರೆ ಚಾರ್ಜ್ ಆಗುವಾಗ ಆಮ್ಲ ಉಕ್ಕಿ ಹೊರಗೆ ಬರುತ್ತದೆ.

ಆಮ್ಲ ಕಣ್ಣಿಗೆ ಹಾರಿದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿರಲಿ. ರೆಪ್ಪೆ ಅಗಲಿಸಿ ಹಿಡಿದು ಶುದ್ಧ ನೀರಿನಿಂದ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ. ಕಣ್ಣಿಗೆ ಸೋಡಾ, ಹಾಲು, ಎಣ್ಣೆ ಏನನ್ನೂ ಹಾಕಬೇಡಿ. ಬಕೆಟ್ ನೀರು ಪಕ್ಕದಲ್ಲೇ ಇರಬೇಕೆಂದು ನಾನು ಹೇಳಿದ್ದು ಇದಕ್ಕೇ.

ಸೀಲು ಮಾಡಿದ ಬ್ಯಾಟರಿಗಳ ಮಾತು ಬೇರೆ. ಯು.ಪಿ.ಎಸ್. ಒಳಗಿನದಕ್ಕೆ ನೀರಿಲ್ಲ, ಬಿಚ್ಚುವಂತಿಲ್ಲ. ಧೂಳು ಒರೆಸಿ, ಗಾಳಿ ಆಡುವಂತೆ ಇಡಿ, ಉಬ್ಬಿದ್ದರೆ ಬದಲಿಸಿ. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಗೂ ನೀರು ಹಾಕುವುದಿಲ್ಲ, ಅದನ್ನು ಕಂಪನಿಯ ತಂತ್ರಜ್ಞರ ಹೊರತು ಯಾರೂ ಬಿಚ್ಚಬಾರದು. ತಕ್ಕಡಿಯ ಬ್ಯಾಟರಿ ಬದಲಿಸುವಾಗ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಒಡೆಯದಂತೆ ನೋಡಿಕೊಳ್ಳಿ. ಮುದ್ರೆ ಒಡೆಯಲೇಬೇಕಾದರೆ ಮರುಮುದ್ರೆ ಆಗುವವರೆಗೆ ಬೇರೆ ತಕ್ಕಡಿಯ ಏರ್ಪಾಡು ಮೊದಲೇ ಮಾಡಿಕೊಳ್ಳಿ.

ಬಿಸಿಲು ಬೀಳುವ ತಗಡಿನ ಗೋಡೆಗೆ ಒರಗಿಸಿ ಬ್ಯಾಟರಿ ಇಡಬೇಡಿ. ಶಾಖ ಹೆಚ್ಚಿದಷ್ಟೂ ಅದರ ಆಯುಷ್ಯ ಕಡಿಮೆ. ಎರಡು ಬ್ಯಾಟರಿ ಜೋಡಿಸಿರುವಲ್ಲಿ ಒಂದು ಹಳೆಯದು, ಒಂದು ಹೊಸದು ಕಟ್ಟಬೇಡಿ. ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದಂತಾಗಿ ಎರಡೂ ಹಾಳಾಗುತ್ತವೆ. ಜನರೇಟರನ್ನು ಕರೆಂಟು ಇದ್ದರೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಎಂಜಿನ್ ಏಳುತ್ತದೆಯೇ ಎಂಬುದು ಗೊತ್ತಾಗಲು ಬೇರೆ ದಾರಿಯಿಲ್ಲ.

ಹಳೆಯ ಬ್ಯಾಟರಿ ಎಲ್ಲಿಗೆ ಹೋಗಬೇಕು?

ಈಗ ನನ್ನ ವೃತ್ತಿಗೆ ಸೇರಿದ ಮಾತಿಗೆ ಬರುತ್ತೇನೆ. ದಯವಿಟ್ಟು ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಕೊಟ್ಟಿಗೆ ನೋಡಿಕೊಳ್ಳುವವರು ನೀವು.

ಸೀಸದ ವಿಷ ದನಗಳಿಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳಿಗೆ ತಗಲುವುದು ಕಡಿಮೆ. ದನ ಕಂಡದ್ದನ್ನು ನೆಕ್ಕಿ ನೋಡುವ ಪ್ರಾಣಿ. ತುಟಿಯಿಂದ ಆರಿಸಿ ತಿನ್ನುವ ಅಭ್ಯಾಸ ಅದಕ್ಕಿಲ್ಲ. ಸೀಸದ ಕೆಲವು ಲವಣಗಳಿಗೆ ಸಿಹಿ ರುಚಿ ಬೇರೆ. ಮೈಯಲ್ಲಿ ರಂಜಕದ ಕೊರತೆ ಇರುವ ರಾಸು ಮೂಳೆ, ಬಟ್ಟೆ, ಮಣ್ಣು ಎಲ್ಲವನ್ನೂ ಅಗಿಯುತ್ತದೆ, ಬ್ಯಾಟರಿ ಚೂರನ್ನೂ ಬಿಡುವುದಿಲ್ಲ. ನುಂಗಿದ ಸೀಸದ ಚೂರು ಮೊಳೆ, ತಂತಿ ಕೂರುವ ಎರಡನೆಯ ಹೊಟ್ಟೆಯಲ್ಲೇ ಕೂತು, ದಿನದಿನವೂ ಕರಗಿ ರಕ್ತಕ್ಕೆ ಸೇರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮನೆಯಿಂದ ಕರೆ ಬಂತು. ಕರು ಕೂಗುತ್ತಿದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತಿದೆ, ಹುಚ್ಚುನಾಯಿ ಕಚ್ಚಿರಬೇಕು ಎಂದರು. ಹೋಗಿ ನೋಡಿದರೆ ಕರುವಿಗೆ ಕಣ್ಣು ಕಾಣುತ್ತಿರಲಿಲ್ಲ, ಹಲ್ಲು ಕಡಿಯುತ್ತಿತ್ತು, ಬಾಯಲ್ಲಿ ನೊರೆ, ಮೈಯೆಲ್ಲ ಅದುರು. ತಾಯಿ ಹಸು ಮೇವು ಬಿಟ್ಟು ಮಂಕಾಗಿ ನಿಂತಿತ್ತು. ತಿಪ್ಪೆಯ ಪಕ್ಕ ಒಡೆದ ಟ್ರ್ಯಾಕ್ಟರ್ ಬ್ಯಾಟರಿ, ಅದರ ಬೂದು ಫಲಕಗಳ ಮೇಲೆ ನಾಲಿಗೆ ಆಡಿಸಿದ ಗುರುತು. ಮೇಲಿನ ಪ್ಲಾಸ್ಟಿಕ್ ಡಬ್ಬಿಯನ್ನು ಕತ್ತರಿಸಿ ಕರುವಿಗೆ ನೀರು ಇಡಲು ಬಳಸುತ್ತಿದ್ದರು. ಕರು ಮರುದಿನ ಸತ್ತಿತು. ಹಸುವಿಗೆ ರಕ್ತನಾಳದ ಮೂಲಕ ಔಷಧಿ ಕೊಟ್ಟು, ಬಹಳ ದಿನಗಳ ಆರೈಕೆಯ ಮೇಲೆ ಅದು ಚೇತರಿಸಿಕೊಂಡಿತು. ಆದರೆ ತಿಂಗಳುಗಟ್ಟಲೆ ಅದರ ಹಾಲನ್ನು ಸಂಘಕ್ಕೆ ಹಾಕುವಂತಿರಲಿಲ್ಲ. ಗುಜರಿಯವನು ಕೊಡಬಹುದಾಗಿದ್ದ ನಾಲ್ಕು ಕಾಸಿಗಾಗಿ ಕಾದು ಇಟ್ಟಿದ್ದ ಬ್ಯಾಟರಿ ಅದು.

ಈ ಲಕ್ಷಣಗಳನ್ನು ನೆನಪಿಡಿ: ದಿಢೀರನೆ ಕುರುಡು, ಗೋಡೆಗೆ ತಲೆ ಒತ್ತುವುದು, ಹಲ್ಲು ಕಡಿಯುವುದು, ಕಿವಿ ಮತ್ತು ರೆಪ್ಪೆ ಅದುರುವುದು, ತೂರಾಡುವುದು, ಮೆಲುಕು ನಿಲ್ಲುವುದು, ಮೊದಲು ಮಲಬದ್ಧತೆ, ಆಮೇಲೆ ಕೆಟ್ಟ ವಾಸನೆಯ ಭೇದಿ. ರೇಬಿಸ್‌ನಲ್ಲೂ ಹೀಗೆ ಕಾಣಬಹುದು. ಆದ್ದರಿಂದ ಬಾಯಿಗೆ ಕೈ ಹಾಕಬೇಡಿ, ಬಲವಂತವಾಗಿ ಔಷಧಿ ಕುಡಿಸಬೇಡಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಸುತ್ತಮುತ್ತ ಬ್ಯಾಟರಿ, ಬಣ್ಣದ ಡಬ್ಬಿ, ಗುಜರಿ ಇದ್ದರೆ ಅದನ್ನು ವೈದ್ಯರಿಗೆ ಹೇಳಿ. ಆ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ.

ಇನ್ನೂ ಮುಖ್ಯವಾದದ್ದು, ಸೀಸ ಹಾಲಿನಲ್ಲಿ ಇಳಿಯುತ್ತದೆ. ಕುದಿಸಿದರೆ ಹೋಗುವ ವಿಷ ಇದಲ್ಲ. ಬೆಳೆಯುವ ಮಕ್ಕಳ ಮೆದುಳಿಗೆ ಇದು ಹಾನಿ ಮಾಡುತ್ತದೆ, ಇಷ್ಟಿದ್ದರೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ರಾಸಿನ ಹಾಲು, ರಕ್ತಪರೀಕ್ಷೆಯಾಗಿ ವೈದ್ಯರು ಸರಿ ಎನ್ನುವವರೆಗೆ, ಸಂಘಕ್ಕೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ.

ಆದ್ದರಿಂದ ಆರೈಕೆಯ ಸಿದ್ಧತೆಯಲ್ಲಿ ಕೊನೆಯ ಅಂಶ ಇದು: ಹೊಸ ಬ್ಯಾಟರಿ ಒಳಗೆ ಬರುವ ಗಾಡಿಯಲ್ಲೇ ಹಳೆಯದು ಹೊರಗೆ ಹೋಗಬೇಕು. ಹೊಸದಕ್ಕೆ ಆರ್ಡರ್ ಕೊಡುವಾಗಲೇ ಹಳೆಯದರ ಬೆಲೆ ಮಾತನಾಡಿ, ರಸೀದಿಯಲ್ಲಿ ಬರೆಸಿ. ಮಾರುವವರು ಹಳೆಯದನ್ನು ವಾಪಸು ಪಡೆಯಬೇಕೆಂಬ ಕಾನೂನು ನಮ್ಮ ದೇಶದಲ್ಲಿ 2001ರಲ್ಲೇ ಬಂತು. ಅದರ ಬದಲಿಗೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಸಿದ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಸೇರಿಸದೆ, ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆಗೆ ಸಿದ್ಧಪಡಿಸುವ ಸಂಸ್ಥೆಗೆ ಕೊಡುವುದು ಬಳಕೆದಾರರ ಜವಾಬ್ದಾರಿ. ಆಮ್ಲವನ್ನು ಚರಂಡಿಗೆ, ಹೊಲಕ್ಕೆ ಸುರಿಯಬೇಡಿ, ಒಳಗಿದ್ದಂತೆಯೇ ಕೊಡಿ. ಒಡೆದು ಸೀಸ ಕರಗಿಸಬೇಡಿ, ಆ ಹೊಗೆ ಮನೆಯವರಿಗೂ ವಿಷ, ಬೂದಿ ಬಿದ್ದ ಮೇವು ದನಕ್ಕೂ ವಿಷ. ಖಾಲಿ ಡಬ್ಬಿಯನ್ನು ಮೇವಿಗಾಗಲಿ ನೀರಿಗಾಗಲಿ ಬಳಸಬೇಡಿ. ಇದು ಸಂಘದ ಬ್ಯಾಟರಿಗಷ್ಟೇ ಅಲ್ಲ, ನಿಮ್ಮ ಮನೆಯ ಟ್ರ್ಯಾಕ್ಟರ್, ಇನ್ವರ್ಟರ್, ಸೋಲಾರ್ ದೀಪದ ಬ್ಯಾಟರಿಗೂ ಅನ್ವಯ. ಜೊತೆಗೆ ರಾಸುಗಳಿಗೆ ದಿನವೂ ಖನಿಜ ಮಿಶ್ರಣ ಕೊಡಿ, ಸಿಕ್ಕಿದ್ದನ್ನು ನೆಕ್ಕುವ ಚಟ ಕಡಿಮೆಯಾಗುತ್ತದೆ.

ಸದಸ್ಯರು ಮಾಡಬೇಕಾದದ್ದು

ಇದೆಲ್ಲ ಕಾರ್ಯದರ್ಶಿಯ ಕೆಲಸ ಎಂದು ಸದಸ್ಯರು ಸುಮ್ಮನಿರಬಾರದು. ಸಂಘ ನಿಮ್ಮದು. ತಿಂಗಳಿಗೊಮ್ಮೆ ನೀರಿನ ಮಟ್ಟ ಮತ್ತು ಟರ್ಮಿನಲ್, ಮೂರು ತಿಂಗಳಿಗೊಮ್ಮೆ ಹೈಡ್ರೋಮೀಟರ್ ಅಂಕಿ ಮತ್ತು ಬಾಳಿಕೆಯ ಪರೀಕ್ಷೆ, ವರ್ಷಕ್ಕೊಮ್ಮೆ ತಂತ್ರಜ್ಞರಿಂದ ಪೂರ್ಣ ತಪಾಸಣೆ. ಇದು ನಡೆದಿದೆಯೇ, ಪುಸ್ತಕದಲ್ಲಿ ಬರೆದಿದೆಯೇ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿ. ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶ, ಬೋನಸ್ಸಿನ ಲೆಕ್ಕ ಕೇಳುವ ಹಾಗೆ ಹಳೆಯ ಬ್ಯಾಟರಿ ಎಲ್ಲಿಗೆ ಹೋಯಿತು, ಅದರ ಹಣ ಎಲ್ಲಿ ಜಮೆಯಾಯಿತು ಎಂದೂ ಕೇಳಿ. ಮುಂದೆ ಬ್ಯಾಟರಿ ಬದಲಿಸಲು ಬೇಕಾಗುವ ಹಣವನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ತೆಗೆದಿಡಲು ತೀರ್ಮಾನ ಮಾಡಿ. ಹನಿಹನಿಗೂಡಿದರೆ ಹಳ್ಳ ಎಂಬುದನ್ನು ಹಾಲು ಉತ್ಪಾದಕರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಲ್ಲಿಂದ ಹೋದ ಮೇಲೆ ಈ ವಾರದಲ್ಲಿಯೇ ಎರಡು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಕಾರ್ಯದರ್ಶಿಗಳು ಬ್ಯಾಟರಿಯ ಪುಸ್ತಕ ತೆರೆದು ಮೊದಲ ಪುಟ ಬರೆಯಲಿ. ಸದಸ್ಯರು ತಮ್ಮ ಕೊಟ್ಟಿಗೆ, ತಿಪ್ಪೆ, ಹಿತ್ತಿಲನ್ನು ಒಮ್ಮೆ ಸುತ್ತಿ ನೋಡಿ, ಹಳೆಯ ಬ್ಯಾಟರಿಯಾಗಲಿ ಅದರ ಚೂರಾಗಲಿ ಇದ್ದರೆ ರಾಸುಗಳ ನಾಲಿಗೆಗೆ ಎಟುಕದಂತೆ ತೆಗೆಸಲಿ.